ಎಂಜಿನ್ನಿನ ವರ್ಷ

ಏಪ್ರಿಲ್ 1, ಶನಿವಾರ. ಗೋಶೆನ್, ಇಂಡಿಯಾನಾ

ವರ್ಲಿನ್ ಯೋಡರ್ ಅವರ ಲಾರಿ ಮಧ್ಯಾಹ್ನದಿಂದ ನನ್ನ ಹೆಸರಿನಲ್ಲಿದೆ. ಹೀಗೆ ಬರೆದ ಮೇಲೂ ಅದು ಅವರ ಲಾರಿಯೇ ಅನ್ನಿಸುತ್ತದೆ. ಕಡುಹಸಿರು ಬಣ್ಣ, ಹನ್ನೆರಡು ವರ್ಷ ಹಳೆಯದು, ಹಿಂದೆ ಟ್ರೈಲರ್ ಇಲ್ಲದ ಬರೀ ತಲೆ. ಎಪ್ಪತ್ತು ದಾಟಿದ ಈ ಮನುಷ್ಯ ಪೆಡಲಿನ ರಬ್ಬರನ್ನೂ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ ತೊಳೆದಿಟ್ಟಿದ್ದರು.

ಬಾಗಿಲ ಮೇಲೆ ಅವರ ಹೆಸರೂ ಸಾರಿಗೆ ನಂಬರೂ ಇದ್ದವು. ಇನ್ನೊಬ್ಬರ ಹೆಸರು ಹೊತ್ತು ರಸ್ತೆಗಿಳಿಯುವಂತಿಲ್ಲ. ಅದನ್ನು ಹೇಗೆ ಹೇಳುವುದೆಂದು ನಾನು ತಡವರಿಸುತ್ತಿರುವಾಗ ಅವರೇ ಒಳಗೆ ಹೋಗಿ ಹೆಂಡತಿಯ ಕೂದಲು ಒಣಗಿಸುವ ಯಂತ್ರ ತಂದು, ಅಕ್ಷರಗಳನ್ನು ಬಿಸಿ ಮಾಡಿ ಒಂದೊಂದಾಗಿ ಸುಲಿದರು. ಕೈಜೋಡಿಸಲು ಹೋದೆ. "ನೀವು ಬೇಡ. ಅಂಟಿಸಿದ್ದು ನಾನು, ಕೀಳೋದೂ ನಾನೇ," ಅಂದರು. ಆ ಜಾಗದಲ್ಲಿ ನನ್ನ ಹಾಳೆ ಅಂಟಿಸಿದೆ. ನವತೇಜ್ ಕೌರ್ ಟ್ರಕಿಂಗ್, ಸೆಲ್ಮಾ, ಕ್ಯಾಲಿಫೋರ್ನಿಯಾ. ದೂರ ನಿಂತು ನೋಡಿದಾಗ ಯಾರದೋ ಕೋಟು ಹಾಕಿಕೊಂಡು ಫೋಟೊಗೆ ನಿಂತಂತೆ ನಾಚಿಕೆಯಾಯಿತು. ನಲವತ್ತಾರನೇ ವಯಸ್ಸಿನಲ್ಲಿ ಇಂಥ ನಾಚಿಕೆ.

ಜೊತೆಗೆ ಗುರ್ಮೇಜ್ ಚಾಚಾ ಇದ್ದಾರೆ. ಮೂವತ್ತೊಂದು ವರ್ಷ ಲಾರಿ ಓಡಿಸಿದವರು. ಕಣ್ಣು ಮಂಜಾಗಿ, ಹೋದ ವರ್ಷ ಲೈಸೆನ್ಸ್ ಕಳೆದುಕೊಂಡರು. ನನಗೆ ಲೈಸೆನ್ಸ್ ಸಿಕ್ಕಿ ಇನ್ನೂ ಎಂಟು ತಿಂಗಳು. ಒಬ್ಬಳೇ ಹೋಗಕೂಡದೆಂದು ಭಾವ ಬಲ್‌ಕರಣ್ ಪಟ್ಟು ಹಿಡಿದದ್ದರಿಂದ ಚಾಚಾ ಬಂದರು. ಪಕ್ಕದ ಸೀಟಿನಲ್ಲಿ ಯಾರಾದರೂ ಕೂರಬೇಕಾದರೆ ಕಂಪನಿಯ ಲಿಖಿತ ಅನುಮತಿ ಬೇಕು. ಕಂಪನಿ ಎಂದರೆ ನಾನೇ. ಬರೆದು, ಸಹಿ ಹಾಕಿ ಕೊಟ್ಟೆ.

"ನೋಡಪ್ಪ, ಕೂರೋಕೂ ಚೀಟಿ ಬರ್ಕೊಡ್ತಾಳೆ ಇವಳು. ಉಚ್ಚೆಗೆ ಹೋಗೋಕೆ ಎಷ್ಟು ಸಹಿ ಬೇಕೋ," ಎಂದು ಚಾಚಾ ಪಂಜಾಬಿಯಲ್ಲಿ ಯೋಡರ್ ಹತ್ತಿರ ದೂರು ಹೇಳಿದರು. ಯೋಡರ್‌ಗೆ ಏನೂ ಅರ್ಥವಾಗಲಿಲ್ಲ. ಗಂಭೀರವಾಗಿ ತಲೆಯಾಡಿಸಿ ಇಬ್ಬರಿಗೂ ಸೇಬಿನ ಪೈ ಕೊಟ್ಟರು.

ಹದಿನೇಳನೇ ತಾರೀಖಿನಿಂದ ಸೆಲ್ಮಾದ ಒಣದ್ರಾಕ್ಷಿ ಕಾರ್ಖಾನೆಯ ಲೋಡು ನನಗೆಂದು ಗೊತ್ತುಮಾಡಿದ್ದಾರೆ. ಅಷ್ಟರೊಳಗೆ ಲಾರಿ ಎಂಟು ರಾಜ್ಯ ದಾಟಿ, ಒಂದು ಕಾಗದವೂ ತಪ್ಪದೆ ಮನೆಯಂಗಳ ಸೇರಬೇಕು. ಸೇರದಿದ್ದರೆ ನಾನು ಭಾವನ ಮನೆಯ ಊಟದ ಮೇಜಿಗೆ ವಾಪಸ್. ಜಲಂಧರದ ಇಂಗ್ಲಿಷ್ ಮೀಡಿಯಂ ಕಾನ್ವೆಂಟಿನಲ್ಲಿ ಓದಿದವಳು ಎಂಬ ಒಂದೇ ಅರ್ಹತೆಯ ಮೇಲೆ ಹದಿನಾಲ್ಕು ವರ್ಷದಿಂದ ಆ ಮೇಜಿನಲ್ಲಿ ಕೂತು ಊರಿನ ಅರ್ಧ ಲಾರಿಗಳ ಅರ್ಜಿ ತುಂಬಿದ್ದೇನೆ. ಗಂಡ ಇಂದರ್‌ಪಾಲ್ ತೀರಿಕೊಂಡ ಮೇಲಿನ ಆರು ವರ್ಷ ಅದೇ ನನ್ನ ಅನ್ನ. ಅನ್ನ ಕೊಟ್ಟ ಮೇಜನ್ನು ಬೈಯಬಾರದು.

ಎಂಟು ರಾಜ್ಯಗಳ ತಾತ್ಕಾಲಿಕ ಪರ್ಮಿಟ್ ಫೈಲಿನಲ್ಲಿವೆ. ಕಾಗದದ ಬಗ್ಗೆ ನನಗೆ ಭಯವಿಲ್ಲ. ಭಯವೆಲ್ಲ ಗೇರಿನದು.

ಏಪ್ರಿಲ್ 2, ಭಾನುವಾರ. ವಾಲ್ಕಾಟ್, ಅಯೋವಾ

ಶಿಕಾಗೋ ಪಕ್ಕದಲ್ಲಿ ಹಾದುಹೋದೆವು ಅನ್ನುವುದಷ್ಟೇ ನೆನಪು. ಕೈಬೆರಳು ಇನ್ನೂ ಸ್ಟೀರಿಂಗಿನ ಆಕಾರದಲ್ಲೇ ಇವೆ.

ಲಾರಿಗಳ ತೂಕ, ಕಾಗದ ನೋಡುವ ಹೆದ್ದಾರಿಯ ತೂಕದ ಕಟ್ಟೆಯಲ್ಲಿ ಒಳಗೆ ಕರೆದರು. ಅಧಿಕಾರಿ ಫೈಲು ತೆರೆದು, ರಾಜ್ಯಕ್ಕೊಂದು ಬಣ್ಣದ ಚೀಟಿ ಅಂಟಿಸಿದ್ದನ್ನು ನೋಡಿ, "ಇಷ್ಟು ನೀಟಾದ ಫೈಲು ನಾನು ನೋಡೇ ಇಲ್ಲ," ಎಂದ. ಆ ಬಣ್ಣಗಳು ಚಾಚಾನಿಂದಾಗಿ ಹುಟ್ಟಿದ್ದು. ಅವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಅವರು ಲಾರಿ ಓಡಿಸುವಾಗ, ನೆವಾಡಾದ್ದು ಕೇಳಿದರೆ ಹಳದಿ ಚೀಟಿಯದು ಕೊಡಿ ಎಂದು ನಾನೇ ಹೇಳಿಕೊಟ್ಟಿದ್ದೆ.

"ಹೊಗಳಿದ್ನಾ?" ಎಂದು ಕೇಳಿದರು.

"ಹೊಗಳಿದ."

"ಅರ್ಧ ನನಗೆ ಸೇರಬೇಕು. ನಾನು ದಡ್ಡ ಆಗಿರ್ಲಿಲ್ಲ ಅಂದ್ರೆ ನಿನಗೆ ಬಣ್ಣ ಹೊಳೀತಿತ್ತಾ?"

ಸಂತೋಷದ ದಿನ. ಹೀಗೆ ಬರೆಯಲು ಯಾಕೆ ಹಿಂಜರಿಕೆಯೋ ತಿಳಿಯದು. ಸಂತೋಷದ ದಿನ.

ಏಪ್ರಿಲ್ 4, ಮಂಗಳವಾರ. ನಾರ್ತ್ ಪ್ಲಾಟ್, ನೆಬ್ರಾಸ್ಕಾ

ಬೆಳಿಗ್ಗೆ ಹಳದಿ ದೀಪ ಹತ್ತಿತು. ಹೆದ್ದಾರಿ ಪಕ್ಕದ ಗ್ಯಾರೇಜಿಗೆ ತಂದೆ. ಮೆಕ್ಯಾನಿಕ್ ರಾಂಡಾ, ನನ್ನದೇ ವಯಸ್ಸಿನ ಹೆಂಗಸು, ತೋಳಿನ ತುಂಬ ಗ್ರೀಸು. ಯಾವುದೋ ಸೆನ್ಸರ್ ಹೋಗಿದೆ, ಅರ್ಧ ಗಂಟೆಯ ಕೆಲಸ ಎಂದಳು. ಸರಿಯಾದ ಭಾಗ ತರಿಸಬೇಕೆಂದು ಎಂಜಿನ್ನಿನ ಮೈಮೇಲಿದ್ದ ತಗಡಿನ ಫಲಕವನ್ನು ಬಟ್ಟೆಯಿಂದ ಒರೆಸಿ ಓದಿದಳು.

"ಎರಡು ಸಾವಿರದ ಒಂಬತ್ತರ ಎಂಜಿನ್ನು," ಎಂದಳು.

"ಅಲ್ಲ, ಹನ್ನೊಂದು. ಲಾರಿ ಹನ್ನೊಂದರದು."

"ಲಾರಿ ಹನ್ನೊಂದರದೇ. ಎಂಜಿನ್ನು ಒಂಬತ್ತರದು. ಆಗೆಲ್ಲ ಉಳಿದಿದ್ದ ಹಳೇ ಎಂಜಿನ್ನುಗಳನ್ನ ಹೊಸ ಲಾರಿಗೆ ಹಾಕಿ ಮಾರ್ತಿದ್ರಲ್ಲ. ಯಾವ ಊರು ನಿಮ್ಮದು?"

ಬಾಗಿಲ ಮೇಲಿನ ಹಾಳೆ ತೋರಿಸಿದೆ. ಅವಳು ಅದನ್ನು ಓದಿ, ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿದಳು. "ಅಯ್ಯೋ ಪಾಪ," ಎಂದಳು.

ಕ್ಯಾಲಿಫೋರ್ನಿಯಾ ನೋಡುವುದು ಲಾರಿಯ ವರ್ಷವನ್ನಲ್ಲ, ಎಂಜಿನ್ನಿನ ವರ್ಷವನ್ನು. ಹೊಗೆಯ ಕಾನೂನಿನಂತೆ ಎರಡು ಸಾವಿರದ ಹತ್ತಕ್ಕಿಂತ ಹಳೆಯ ಎಂಜಿನ್ನು ಅಲ್ಲಿ ನೋಂದಣಿಯಾಗುವುದಿಲ್ಲ, ಅಲ್ಲಿನ ರಸ್ತೆಯಲ್ಲಿ ದುಡಿಯುವಂತೆಯೂ ಇಲ್ಲ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಊಟದ ಮೇಜಿನಲ್ಲಿ ಎಷ್ಟು ಜನರಿಗೆ ಹೇಳಿದ್ದೇನೆ. 'ಎಂಜಿನ್ನಿನ ಫಲಕದ ಫೋಟೊ ತರಿಸಿ, ಬಾಯಿಮಾತು ನಂಬಬೇಡಿ.' ಫೋನಿನಲ್ಲಿ ಎಂಜಿನ್ನಿನ ವರ್ಷ ಕೇಳಿದಾಗ ಯೋಡರ್, "ಲಾರಿದೇ ಅಲ್ವಾ, ಹನ್ನೊಂದು," ಎಂದಿದ್ದರು. ಅವರು ಸುಳ್ಳು ಹೇಳಲಿಲ್ಲ. ತಿಳಿದಷ್ಟು ಹೇಳಿದರು. ನಾನು ಕಾಗದದಲ್ಲಿ ಬರೆದುಕೊಂಡೆ, ಬರೆದದ್ದರಿಂದ ನಂಬಿದೆ. ಚಾಚಾ ಟೈರು ತಟ್ಟಿ ನೋಡಿದರು, ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟರು. ನಾನು ದಾಖಲೆ ಓದಿದೆ. ಒರೆಸಿ ನೋಡುವ ಕೆಲಸ ಇಬ್ಬರಿಗೂ ಬೇಡವಾಯಿತು.

ರಾಂಡಾ ಸೆನ್ಸರ್ ಹಾಕಿಕೊಟ್ಟಳು. ಕೂಲಿ ತೆಗೆದುಕೊಳ್ಳಲಿಲ್ಲ. ಅದಕ್ಕೆ ಸರಿಯಾಗಿ ಧನ್ಯವಾದ ಹೇಳಿದೆನೋ ಇಲ್ಲವೋ.

ಏಪ್ರಿಲ್ 5, ಬುಧವಾರ. ಅಲ್ಲೇ

ವಯೋಮಿಂಗ್ ಕಡೆ ಹಿಮಗಾಳಿ. ಹೆದ್ದಾರಿ ಮುಚ್ಚಿದ್ದಾರೆ. ಮುಂದಿನ ರಾಜ್ಯಗಳ ಪರ್ಮಿಟ್‌ಗಳ ಗಡುವು ಫೈಲಿನಲ್ಲೇ ಕರಗುತ್ತಿದೆ.

ಭಾವನಿಗೆ ಫೋನು ಮಾಡಿದೆ. ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು.

"ಇದಕ್ಕೆ ಅಳೋದ್ಯಾಕೆ ಮಗು? ರೀನೋದಲ್ಲಿ ನನ್ನ ಸ್ನೇಹಿತನ ಅಂಗಡಿ ಇದೆಯಲ್ಲ. ಆ ವಿಳಾಸಕ್ಕೆ ನೆವಾಡಾ ನಂಬರ್ ಪ್ಲೇಟು ಮಾಡಿಸು. ಲಾರಿ ನಮ್ಮ ಅಂಗಳದಲ್ಲೇ ಇರಲಿ. ಸಣ್ಣ ರಸ್ತೆ ಹಿಡಿದು ಓಡಿಸಿದ್ರೆ ಯಾರು ಕೇಳ್ತಾರೆ? ಅರ್ಧ ಊರು ಹಾಗೇ ಓಡಿಸ್ತಿದೆ. ನಿನಗೇ ಗೊತ್ತಲ್ಲ."

"ನನಗೆ ಗೊತ್ತು."

"ಮತ್ತೆ?"

ಯೋಚಿಸುತ್ತೇನೆ ಎಂದೆ. ನಿಜಕ್ಕೂ ನನಗೆ ಗೊತ್ತು. ರೀನೋದ ಆ ಅಂಗಡಿಯ ವಿಳಾಸ ನನಗೆ ಬಾಯಿಪಾಠ. ಪಿನ್‌ಕೋಡ್ ನೋಡದೆ ಬರೆಯಬಲ್ಲೆ. 'ವಿಳಾಸ ಏನಂತ ಬರೀಲಿ?' ಎಂದು ಕೇಳುತ್ತಿದ್ದೆ, ಅವರು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. 'ಅಲ್ಲಿ ಇರ್ತೀರಾ?' ಎಂದು ಒಬ್ಬರನ್ನೂ ಕೇಳಲಿಲ್ಲ. ನನ್ನ ಕೆಲಸ ಕಾಗದ ತುಂಬುವುದು ಮಾತ್ರ ಎಂದುಕೊಂಡಿದ್ದೆ. ಒಳ್ಳೆಯ ಇಂಗ್ಲಿಷಿನಲ್ಲಿ ಬರೆದ ಸುಳ್ಳು ನನಗೆ ಸುಳ್ಳಿನಂತೆ ಕಾಣದೇ ಹೋಯಿತೇ?

ಏಪ್ರಿಲ್ 6, ಗುರುವಾರ. ಅಲ್ಲೇ

ಮೋಟೆಲಿನ ಕೋಣೆಯಲ್ಲಿ ಚಾಚಾ ಚಹಾ ಮಾಡಿದರು. ಕಾಫಿ ಯಂತ್ರದಲ್ಲಿ ಹಾಲು, ಏಲಕ್ಕಿ, ಎಲ್ಲ ಒಟ್ಟಿಗೆ. ಯಂತ್ರ ಸತ್ತಿತು. ಚಹಾ ಚೆನ್ನಾಗಿತ್ತು.

ಭಾವ ಹೇಳಿದ್ದನ್ನು ಹೇಳಿದೆ. ಚಾಚಾ ಲೋಟ ಕೆಳಗಿಟ್ಟರು. ಆಮೇಲೆ ಕಣ್ಣು ಮುಚ್ಚಿ ಇಂಗ್ಲಿಷಿನಲ್ಲಿ ಒಂದು ವಿಳಾಸ ಹೇಳಿದರು. ಅಂಗಡಿ ನಂಬರು, ಬೀದಿ, ರೀನೋ, ನೆವಾಡಾ, ಪಿನ್‌ಕೋಡ್. ಒಂದಕ್ಷರ ತಪ್ಪಲಿಲ್ಲ. ಈ ಮನುಷ್ಯನ ಬಾಯಲ್ಲಿ ಅಷ್ಟುದ್ದದ ಇಂಗ್ಲಿಷ್ ನಾನು ಕೇಳಿರಲಿಲ್ಲ.

"ಕೊನೇ ನಾಲ್ಕು ವರ್ಷ ನನ್ನ ಲಾರಿ ಅಲ್ಲೇ ಇತ್ತು, ಕಾಗದದಲ್ಲಿ. ನೀನೇ ಬರೆದಿದ್ದು."

"ಗೊತ್ತು ಚಾಚಾ."

"ದಿನಾ ಬೆಳಿಗ್ಗೆ ಪ್ರಾರ್ಥನೆ ಹೇಳೋ ಮುಂಚೆ ಇದನ್ನ ಹೇಳ್ಕೊಳ್ತಿದ್ದೆ. ಗುರುವಿನ ಹೆಸರು ಆಮೇಲೆ. ತೂಕದ ಕಟ್ಟೆ ಕಂಡ್ರೆ ಇನ್ನೊಂದ್ಸಲ ಹೇಳ್ಕೊಳ್ತಿದ್ದೆ. ಒಂದ್ಸಲ ಟ್ರಕಿ ಅನ್ನೋ ಊರಿನ ಹತ್ರ ಒಬ್ಬ ಹುಡುಗ, ಪೊಲೀಸು, 'ನಿಮ್ಮ ಬೀದೀಲಿ ಅಂಗಡಿ ಪಕ್ಕ ಏನಿದೆ ತಾತಾ?' ಅಂದ. ನನಗೇನು ಗೊತ್ತು? 'ಮರ,' ಅಂದೆ."

"ಆಮೇಲೆ?"

"ನಕ್ಕು ಬಿಟ್ಟ. ಮರ ಇದ್ದಿರಬೇಕು. ಬಿಟ್ಟ ಅಂತ ಅವನ ಮಕ್ಕಳಿಗೆ ಒಳ್ಳೇದಾಗ್ಲಿ ಅಂತ ಇವತ್ತಿಗೂ ಕೇಳ್ಕೊಳ್ತೀನಿ. ಆದ್ರೆ ಅವತ್ತಿಂದ ಸರಿಯಾಗಿ ಊಟ ಸೇರ್ಲಿಲ್ಲ. ಲೈಸೆನ್ಸ್ ಹೋದಾಗ ಎಲ್ಲರೂ ಬಂದು ಅಯ್ಯೋ ಅಂದ್ರು. ನಾನು ಮೊದಲನೇ ಸಲ ನಿದ್ದೆ ಮಾಡಿದೆ."

"ನನಗೆ ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ. ನಿನ್ನ ಬಣ್ಣದ ಚೀಟಿ ಚೆನ್ನಾಗಿತ್ತು."



ಏಪ್ರಿಲ್ 7, ಶುಕ್ರವಾರ. ಅಲ್ಲೇ

ಯೋಡರ್‌ಗೆ ಫೋನು ಮಾಡಿದೆ, ದೂರಲು ಅಲ್ಲ. ಯಾಕೆ ಮಾಡಿದೆನೋ. ಫಲಕದ ವಿಷಯ ಹೇಳಿದೆ. ಅವರು ಹೆಂಡತಿಯೊಂದಿಗೆ ಏನೋ ಮಾತಾಡಿದ್ದು ಕೇಳಿಸಿತು.

"ವಾಪಸ್ ತನ್ನಿ. ನೀವು ಕೊಟ್ಟಿದ್ದನ್ನ ಪೂರ್ತಿ ಕೊಡ್ತೀನಿ, ದಾರಿ ಖರ್ಚೂ ಸೇರಿಸಿ. ನಾನು ತಪ್ಪು ಹೇಳಿದ್ದಕ್ಕೆ ನೀವು ಯಾಕೆ ಕಷ್ಟಪಡಬೇಕು? ನನಗೆ ಕ್ಯಾಲಿಫೋರ್ನಿಯಾ ಗೊತ್ತಿಲ್ಲಮ್ಮ, ಒಂದ್ಸಲಾನೂ ಹೋಗಿಲ್ಲ."

ಅದೇ ಸರಿಯಾದ ಉತ್ತರವಾಗಿತ್ತು. ಪೂರ್ವಕ್ಕೆ ರಸ್ತೆ ತೆರೆದಿದೆ. ಎರಡು ದಿನದಲ್ಲಿ ಗೋಶೆನ್. ವಿಮಾನ ಹತ್ತಿದರೆ ಮನೆ. ಯಾರೂ ನನ್ನನ್ನು ತಪ್ಪಿತಸ್ಥೆ ಅನ್ನುವುದಿಲ್ಲ. ಆಮೇಲೆ ಮತ್ತೆ ಅದೇ ಊಟದ ಮೇಜು.

"ಬೇಡ," ಎಂದೆ. "ಲಾರಿ ಚೆನ್ನಾಗಿ ಓಡ್ತಿದೆ."

ಫೋನಿಟ್ಟ ಮೇಲೆ ಚಾಚಾ ಹುಬ್ಬೇರಿಸಿದರು. "ಏನಂದ ಮುದುಕ?"

"ವಾಪಸ್ ತಗೋತಾರಂತೆ."

"ಒಳ್ಳೇ ಮನುಷ್ಯ. ನೀನೇನಂದೆ?"

"ಬೇಡ ಅಂದೆ."

"ಮತ್ತೆ ಎಲ್ಲಿಗೆ ತಗೊಂಡು ಹೋಗ್ತೀಯ ಇದನ್ನ, ತಲೆ ಮೇಲಾ?"

ಗೊತ್ತಿಲ್ಲ. ನಾಳೆ ರಸ್ತೆ ತೆರೆಯುತ್ತಾರಂತೆ. ವಯೋಮಿಂಗ್, ಯೂಟಾ, ನೆವಾಡಾ ಮೂರಕ್ಕೂ ಹೊಸ ಪರ್ಮಿಟ್ ಮಾಡಿದೆ. ಕ್ಯಾಲಿಫೋರ್ನಿಯಾದ ಅರ್ಜಿ ತೆರೆಯಲಿಲ್ಲ. ಕಾರ್ಖಾನೆಗೆ ಫೋನು ಮಾಡಿ, ಹದಿನೇಳಕ್ಕೆ ನನ್ನ ಲಾರಿ ಬರುವುದಿಲ್ಲ, ಬೇರೆಯವರನ್ನು ನೋಡಿಕೊಳ್ಳಿ ಎಂದೆ. ಅಲ್ಲಿನ ಹೆಂಗಸು, "ಮೊದಲೇ ಹೇಳಿದ್ದಕ್ಕೆ ಥ್ಯಾಂಕ್ಸ್. ಯಾರೂ ಹೇಳಲ್ಲ," ಎಂದಳು.

ಏಪ್ರಿಲ್ 8, ಶನಿವಾರ. ರಾಕ್ ಸ್ಪ್ರಿಂಗ್ಸ್, ವಯೋಮಿಂಗ್

ಗಾಳಿ. ತಲೆ ಮಾತ್ರದ ಲಾರಿ ಕಾಗದದ ದೋಣಿಯಂತೆ ಅಲ್ಲಾಡಿತು. ಎಂಟು ಗಂಟೆ ಓಡಿಸಿದೆ. ಗೇರಿನ ಬಗ್ಗೆ ಒಮ್ಮೆಯೂ ಯೋಚಿಸಲಿಲ್ಲವೆಂದು ಊಟಕ್ಕೆ ಕೂತಾಗ ಗೊತ್ತಾಯಿತು.

ಏಪ್ರಿಲ್ 10, ಸೋಮವಾರ. ಫರ್ನ್‌ಲಿ, ನೆವಾಡಾ

ಇಲ್ಲಿಂದ ಕ್ಯಾಲಿಫೋರ್ನಿಯಾ ಗಡಿ ಒಂದು ಗಂಟೆಯ ದಾರಿ. ಚಾಚಾ ಹೆದ್ದಾರಿಯಿಂದ ಇಳಿಸಿ ಒಂದು ಅಂಗಳಕ್ಕೆ ಕರೆತಂದರು. ಜಲ್ಲಿ ಹಾಸಿದ ಜಾಗ, ಇಪ್ಪತ್ತು ಲಾರಿ ನಿಲ್ಲಬಹುದು. ಮುಂದುಗಡೆ ಪರಾಠದ ಅಡುಗೆಮನೆ. ನಡೆಸುವವರು ಮುಖ್ತ್ಯಾರ್ ಕೌರ್, ಎಪ್ಪತ್ತರ ಹತ್ತಿರದವರು. ಚಾಚಾ ಇಪ್ಪತ್ತು ವರ್ಷ ಇವರ ಕೈಯ ಊಟ ಉಂಡವರು.

"ಗುರ್ಮೇಜ್, ನೀನಿನ್ನೂ ಸತ್ತಿಲ್ವಾ?"

"ನಿನ್ನ ಪರಾಠ ಬಿಟ್ಟ ಮೇಲೆ ಆರೋಗ್ಯ ಸುಧಾರಿಸ್ತು ಬೀಬಿ."

ಮೂಲಂಗಿ ಪರಾಠ ಬಡಿಸಿಕೊಂಡೇ ನಮ್ಮ ಕತೆ ಕೇಳಿದರು. ಕನಿಕರಪಡಲಿಲ್ಲ. ಹಿಂದುಗಡೆ ಒಂದು ಪುಟ್ಟ ಮನೆಯಿದೆ, ಒಂದು ಕೋಣೆ, ಒಂದು ಒಲೆ. ಹೋದ ತಿಂಗಳಿಂದ ಖಾಲಿ. "ಫ್ಯಾಲನ್‌ನ ಹುಲ್ಲಿನ ವ್ಯಾಪಾರಿ ದಿನಾ ಬಂದು ಲಾರಿ ಸಿಗಲ್ಲ ಅಂತ ನನ್ನ ತಲೆ ತಿಂತಾನೆ. ಹುಲ್ಲು ಹೋಗೋದು ಯೂಟಾಗೆ, ಐಡಾಹೋಗೆ. ಅಲ್ಲಿ ಯಾರು ನಿನ್ನ ಎಂಜಿನ್ನಿನ ಜಾತಕ ಕೇಳ್ತಾರೆ? ಟ್ರೈಲರ್ ಅವನದೇ."

"ಆದ್ರೆ ವಿಳಾಸ..."

"ವಿಳಾಸಕ್ಕೇನು, ಗೋಡೆ ಮೇಲಿದೆ. ಇರ್ತೀಯಾದ್ರೆ ಇರು, ಬಾಡಿಗೆ ಕೊಡು, ಕರೆಂಟ್ ಮೀಟರು ನಿನ್ನ ಹೆಸರಿಗೆ ಮಾಡ್ಕೋ. ಇರೋದಿಲ್ಲ ಅಂದ್ರೆ ನನ್ನ ಗೋಡೆ ನಂಬರು ಯಾರಿಗೂ ಕೊಡಲ್ಲ. ಕೇಳ್ಕೊಂಡು ಬಂದವರಿಗೆಲ್ಲ ಲಟ್ಟಣಿಗೆ ತೋರಿಸಿದ್ದೀನಿ."

ಇಷ್ಟು ನೇರವಾಗಿ ಮಾತಾಡುವವರಿಗೆ ಏನು ಹೇಳಬೇಕೆಂದು ಕಾನ್ವೆಂಟಿನಲ್ಲಿ ಹೇಳಿಕೊಟ್ಟಿರಲಿಲ್ಲ. ಎರಡನೇ ಪರಾಠ ಹಾಕಿಸಿಕೊಂಡೆ. ಅದೇ ಒಪ್ಪಿಗೆ ಎಂದು ಅವರು ತಿಳಿದುಕೊಂಡರು. ಅವರು ತಿಳಿದದ್ದು ಸರಿ.

ಏಪ್ರಿಲ್ 12, ಬುಧವಾರ. ಫರ್ನ್‌ಲಿ

ಚಾಚಾ ಬಸ್ಸಿನಲ್ಲಿ ಸೆಲ್ಮಾಗೆ ಹೊರಟರು. ನಾನು ಬರೆದುಕೊಟ್ಟ ಅನುಮತಿ ಪತ್ರ ವಾಪಸ್ ಕೊಡಲು ಬಂದರು. ಇಟ್ಟುಕೊಳ್ಳಿ ಎಂದೆ. "ಇನ್ನೊಂದ್ಸಲ ಕೂರ್ಬೇಕಾದ್ರೆ ಇದೇ ಸಾಕಾ, ಹೊಸದು ಬೇಕಾ?" ಎಂದರು. ಇದರಲ್ಲಿ ತಾರೀಖಿದೆ, ಹೊಸದು ಬೇಕು ಎಂದೆ. ಬಸ್ಸು ತಿರುವು ದಾಟುವವರೆಗೂ ಬೈಯುತ್ತಿದ್ದರು, ತುಟಿ ಕಾಣುತ್ತಿತ್ತು.

ಈ ಮನುಷ್ಯನಿಗೆ ನಾಲ್ಕು ವರ್ಷದ ನಿದ್ದೆಯ ಸಾಲ ತೀರಿಸಬೇಕು ನಾನು. ಹೇಗೆ ಅಂತ ಗೊತ್ತಿಲ್ಲ.

ಏಪ್ರಿಲ್ 15, ಶನಿವಾರ

ಸೆಲ್ಮಾದಿಂದ ಇಬ್ಬರು ಫೋನು ಮಾಡಿದ್ದರು, ಪ್ಲೇಟು ನವೀಕರಣಕ್ಕೆ. ಇಬ್ಬರದೂ ರೀನೋದ ಅಂಗಡಿಯ ವಿಳಾಸ. "ಅಲ್ಲಿ ಇರ್ತೀರಾ?" ಎಂದು ಕೇಳಿದೆ. ಒಬ್ಬ ನಕ್ಕ, ನಾನು ನಗಲಿಲ್ಲವೆಂದು ಗೊತ್ತಾಗಿ ಫೋನಿಟ್ಟ. ಇನ್ನೊಬ್ಬ, "ಎಂಜಿನ್ನು ಬದಲಾಯಿಸೋದಕ್ಕೆ ಸರ್ಕಾರದ ಸಹಾಯ ಏನೋ ಇದೆಯಂತಲ್ಲ ದೀದಿ, ಅದರ ಅರ್ಜಿ ತುಂಬ್ತೀರಾ?" ಎಂದ. ತುಂಬುತ್ತೇನೆ ಎಂದೆ. ಅದಕ್ಕೆ ಕಾಸು ಬೇಡ ಎಂದೂ ಹೇಳಿದೆ.

ಭಾವನಿಗೆ ಕೋಪ ಬಂದಿದೆಯಂತೆ. ಬರಬೇಕಾದದ್ದೇ. ಆದರೆ ಆರು ವರ್ಷ ಅನ್ನ ಹಾಕಿದವರು. ಅವರು ಹೇಳಿಕೊಟ್ಟ ಉಪಾಯವೂ ಪ್ರೀತಿಯದೇ. ನನಗೆ ಅದು ಬೇಡವಾಯಿತು, ಅಷ್ಟೆ. ಎದುರಿಗೆ ಕೂತಾಗ ಹೀಗೇ ಹೇಳಲು ಬಂದರೆ ಸಾಕು.

ಏಪ್ರಿಲ್ 17, ಸೋಮವಾರ

ನೋಂದಣಿ ಕಚೇರಿ. ಕೌಂಟರಿನ ಗಂಡಸು ಬಾಡಿಗೆ ಕರಾರು ನೋಡಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದ.

"ಸೆಲ್ಮಾದವರು. ಪರಾಠ ಅಂಗಡಿ ಹಿಂದಿನ ವಿಳಾಸ. ನಿಜವಾಗ್ಲೂ ಅಲ್ಲಿ ಮಲಗ್ತೀರಾ?"

ಈ ಪ್ರಶ್ನೆಗೆ ಕಣ್ಣು ಮಿಟುಕಿಸದೆ ಹೌದೆನ್ನಿ ಎಂದು ಎಷ್ಟೋ ಜನರಿಗೆ ಹೇಳಿಕೊಟ್ಟಿದ್ದೇನೆ.

"ಏಳು ರಾತ್ರಿ ಮಲಗಿದ್ದೀನಿ."

"ಎಣಿಸಿದ್ದೀರಾ?"

"ಮೊದಲ ಮೂರು ರಾತ್ರಿ ನಿದ್ದೆ ಬರಲಿಲ್ಲ. ಅದನ್ನೂ ಸೇರಿಸಿ ಹೇಳ್ತಿದ್ದೀನಿ."

ಅವನು ನಕ್ಕ. "ಇಲ್ಲಿಗೆ ಬರೋರು ಹೌದು ಅಂತಷ್ಟೇ ಹೇಳೋದು. ಯಾರೂ ನಿದ್ದೆ ಲೆಕ್ಕ ಕೊಡಲ್ಲ." ಮೀಟರಿನ ಬಿಲ್ಲು ನನ್ನ ಹೆಸರಿಗೆ ಬಂದ ಮೇಲೆ ತನ್ನಿ ಎಂದ. ಎರಡು ವಾರವಾಗಬಹುದು. ಅಲ್ಲಿಯವರೆಗೆ ಲಾರಿ ಅಲ್ಲಾಡುವಂತಿಲ್ಲ. ಬೀಬಿಯ ಅಡುಗೆಮನೆಯಲ್ಲಿ ಬೆಳಗಿನ ಪಾಳಿ ಹಿಡಿದಿದ್ದೇನೆ. ನನ್ನ ಪರಾಠ ಯಾವ ರಾಜ್ಯದ ನಕ್ಷೆಯಂತಿದೆ ಎಂದು ಲಾರಿಯವರು ಪಣ ಕಟ್ಟುತ್ತಾರೆ. ಇವತ್ತು ಐಡಾಹೋ ಗೆದ್ದಿತು.

ಮೇ 4, ಗುರುವಾರ

ಬಿಲ್ಲು ಸೋಮವಾರ ಬಂದಿತ್ತು. ಪ್ಲೇಟು ಇವತ್ತು ಸಿಕ್ಕಿತು. ನೆವಾಡಾ, ಖಾಯಂ, ಪರ್ಮಿಟ್ಟಿನಂತೆ ದಿನ ಎಣಿಸಬೇಕಿಲ್ಲ. ಕೌಂಟರಿನವನು ಎರಡೂ ಕೈಯಲ್ಲಿ ಕೊಟ್ಟ, ಅಥವಾ ನನಗೆ ಹಾಗನ್ನಿಸಿತು. ಬೀಬಿ ಸ್ಕ್ರೂ ಹಿಡಿದು ನಿಂತರು, ನಾನು ತಿರುಗಿಸಿದೆ. ಬಾಗಿಲ ಹಾಳೆ ತೆಗೆದು, ಊರಿನ ಹೆಸರು ಬದಲಾಯಿಸಿ ಪೇಂಟಿನಲ್ಲಿ ಬರೆಸಿದೆ. ಬರೆದವನಿಗೆ 'ನವತೇಜ್' ಇಷ್ಟವಾಯಿತಂತೆ, ಅಕ್ಷರಕ್ಕೆ ಕೇಳದೆಯೇ ನೆರಳು ಹಾಕಿಕೊಟ್ಟ. ಅದರ ಫೋಟೊ ಯೋಡರ್‌ಗೂ ರಾಂಡಾಗೂ ಕಳಿಸಿದೆ.

ಸಂಜೆ ಮಗಳು ಸೀರತ್ ಫೋನು ಮಾಡಿದಳು. ನರ್ಸಿಂಗ್ ಪರೀಕ್ಷೆ ಮುಗಿಸಿದ ಖುಷಿಯಲ್ಲಿದ್ದಳು. ಹತ್ತೊಂಬತ್ತು ವರ್ಷ, ದೊಡ್ಡಪ್ಪನ ಮನೆಯಲ್ಲಿ ಎಲ್ಲರಿಗೂ ಉತ್ತರ ಕೊಡುವ ಕೆಲಸ ಈಗ ಅವಳದು.

"ಮಮ್ಮಿ, ಗುರುದ್ವಾರದಲ್ಲಿ ಸಿಕ್ಕವರೆಲ್ಲ ಕೇಳ್ತಾರೆ. 'ನಿಮ್ಮಮ್ಮ ಇಂಡಿಯಾನಾಗೆ ಹೋಗಿ ಲಾರಿ ತಗೊಂಡ್ರಂತಲ್ಲ, ಮನೆಗೆ ಬಂತಾ?' ಅಂತ. ನಾನು ಏನು ಹೇಳ್ಲಿ? ಕತೆ ಎಲ್ಲ ಹೇಳೋಕಾಗಲ್ಲ."

ನಾನು ಒಲೆಯ ಮೇಲಿನ ಬೇಳೆ ನೋಡುತ್ತಿದ್ದೆ. ಉಕ್ಕುವುದರಲ್ಲಿತ್ತು.

"ಮನೆಗೆ ಬಂತು ಅಂತ ಹೇಳು," ಎಂದೆ.

ಬೇಳೆ ಕೆಳಗಿಳಿಸಿದೆ. "ಸರಿ ಮಮ್ಮಿ," ಎಂದಳು, ಬಹಳ ಮೆತ್ತಗೆ. ಯಾಕೆ ಹಾಗೆ ಮೆತ್ತಗಾದಳೋ. ಶನಿವಾರ ಬಸ್ಸಿನಲ್ಲಿ ಬರುತ್ತಾಳಂತೆ, ಹಾಸಿಗೆ ಒಂದೇ ಇದೆಯೆಂದರೂ ಪರವಾಗಿಲ್ಲವಂತೆ.

ಬೆಳಿಗ್ಗೆ ಐದಕ್ಕೆ ಹುಲ್ಲಿನ ಲೋಡು. ಅಲಾರಾಂ ಇಟ್ಟಿದ್ದೇನೆ.